ಕೊಂಬು ಮೇಷ್ಟ್ರ ಜೀರುಂಡೆ

ಆ ಮನೆಯ ಹಾಲಿನಲ್ಲಿ ನೆಟ್ಟಗೆ ಕೆಲಸ ಮಾಡುವ ಪ್ಲಗ್ಗು ಇದ್ದದ್ದು ಒಂದೇ. ಅದಕ್ಕೆ ಹಕ್ಕುದಾರರು ಮಾತ್ರ ಇಬ್ಬರು: ಸೊಸೆಯ ಹೊಲಿಗೆ ಮಿಷನ್ನು ಮತ್ತು ಟೀವಿಗೆ ಜೋಡಿಸಿ ಆಡುವ ಮೊಮ್ಮಗಳ ಆಟದ ಪೆಟ್ಟಿಗೆ. ಬಟ್ಟೆ ಅಂಗಡಿಯವರು ಗಿರಾಕಿಗಳ ಅಳತೆಗೆ ಸರಿಮಾಡಿಸಲು ಕೊಡುವ ಪ್ಯಾಂಟು, ಅಂಗಿಗಳ ಗಂಟನ್ನು ಸೊಸೆ ದಿನವೂ ಮನೆಗೆ ತಂದು ಹೊಲಿಯುತ್ತಿದ್ದಳು. ಮೊಮ್ಮಗಳು ಚೂಟಿ ಶಾಲೆಯಿಂದ ಬಂದವಳೇ ಬ್ಯಾಗು ಒಂದು ಕಡೆ, ಶೂ ಒಂದು ಕಡೆ ಎಸೆದು ಟೀವಿ ಮುಂದೆ ಕೂತು ಜೀರುಂಡೆಯಾಗಿಬಿಡುತ್ತಿದ್ದಳು. ಅವಳ ಅಪ್ಪ ಲಿಫ್ಟ್ ಮೆಕ್ಯಾನಿಕ್ಕು. ಕಂಡವರ ಕಟ್ಟಡದ ವೈರೆಲ್ಲ ಸರಿಮಾಡುವ ಆಸಾಮಿಗೆ ತನ್ನ ಮನೆಯ ಇನ್ನೊಂದು ಪ್ಲಗ್ಗು ಮುಟ್ಟಲು ಪುರುಸೊತ್ತಿರಲಿಲ್ಲ. "ಭಾನುವಾರ ಮಾಡ್ತೀನಿ" ಅನ್ನುತ್ತಿದ್ದ. ಯಾವ ಭಾನುವಾರ ಅಂತ ಮಾತ್ರ ಬಾಯಿಬಿಡುತ್ತಿರಲಿಲ್ಲ.

ಇವರೆಲ್ಲರ ನಡುವೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂರುತ್ತಿದ್ದವರು ಚೂಟಿಯ ತಾತ, ಕೊಂಬು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಜೀವಮಾನವೆಲ್ಲ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವರು. ಅಚ್ಚಿಗೆ ಹೋಗುವ ಮುನ್ನ ಹಾಳೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ, "ಇಲ್ಲಿ ಕೊಂಬೆಲ್ಲಿ? ಈ ಅಕ್ಷರದ ಕೊಂಬು ಯಾರಪ್ಪಾ ತಿಂದದ್ದು?" ಎಂದು ಕೂಗುತ್ತಿದ್ದರು. ಅದಕ್ಕೇ ಪ್ರೆಸ್ಸಿನ ಹುಡುಗರು ಆ ಹೆಸರಿಟ್ಟಿದ್ದರು. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ. ಬೀದಿಯಲ್ಲೂ ಕೊಂಬು ಮೇಷ್ಟ್ರೇ, ಹಾಲಿನವನಿಗೂ ಕೊಂಬು ಮೇಷ್ಟ್ರೇ.

ಆದರೆ ಅವರಿಗೊಬ್ಬರಿಗೇ ಗೊತ್ತಿದ್ದ ಸಂಗತಿಯೊಂದಿತ್ತು. ಕೈಯಲ್ಲಿ ಹಿಡಿದ ಪೇಪರು ಅವರಿಗೆ ಕಾಣುತ್ತಿರಲಿಲ್ಲ. ತಲೆಬರಹದ ದಪ್ಪ ಅಕ್ಷರ ಮಂಜಿನಲ್ಲಿ ನಿಂತ ಜನರ ಹಾಗೆ ಕಾಣುತ್ತಿತ್ತು, ಅದರ ಕೆಳಗಿನದೆಲ್ಲ ಬರೀ ಬೂದಿ ಬಣ್ಣ.

ಇದನ್ನು ಮುಚ್ಚಿಡಲು ಅವರು ಹೂಡಿದ ಉಪಾಯಗಳು ಒಂದೆರಡಲ್ಲ. ಬೆಳಿಗ್ಗೆ ಚೂಟಿಯನ್ನು ಕರೆದು, "ಓದೇ, ನಿನ್ನ ಉಚ್ಚಾರಣೆ ಎಲ್ಲಿಗೆ ಬಂತು ನೋಡೋಣ" ಎಂದು ಸುದ್ದಿಯೆಲ್ಲ ಕೇಳಿಕೊಳ್ಳುತ್ತಿದ್ದರು. ಮಧ್ಯಾಹ್ನ ಅದೇ ಸುದ್ದಿಯನ್ನು ಸೊಸೆಗೆ ತಾವೇ ಓದಿದ ಹಾಗೆ ಹೇಳುತ್ತಿದ್ದರು. ಒಂದು ದಿನ ಬಾಗಿಲ ಹಿಂದೆ ತೂಗುಹಾಕಿದ್ದ ಮಗನ ರೇನ್‌ಕೋಟಿಗೆ "ಬಾಪ್ಪ, ಯಾಕೆ ನಿಂತೇ ಇದ್ದೀಯ, ಕೂತ್ಕೋ" ಅಂದುಬಿಟ್ಟಿದ್ದರು. ಚೂಟಿ ಹೊಟ್ಟೆ ಹಿಡಿದು ನಕ್ಕಾಗ, ತಮಾಷೆಗೆ ಅಂದೆ ಎಂದು ತಾವೂ ನಕ್ಕರು. ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಬೀದಿ ಸುತ್ತಿ ಬಂದ ದಿನ, "ಅವಸರ ಕಣಮ್ಮ" ಎಂದು ಸೊಸೆಯಿಂದ ತಪ್ಪಿಸಿಕೊಂಡರು.

"ಮಾವ, ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ್ವಾ?" ಎಂದು ಸೊಸೆ ಕೇಳದೆ ಇರಲಿಲ್ಲ.

"ನನ್ನ ಕಣ್ಣಿಗೇನಾಗಿದೆ? ಈ ಕಣ್ಣಲ್ಲೇ ಊರವರ ತಪ್ಪೆಲ್ಲಾ ಹಿಡಿದಿದ್ದೀನಿ!"

ಹೆದರಿಕೆಯಾಗುತ್ತಿತ್ತು, ಅಷ್ಟೇ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನೊಬ್ಬ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳಲು ರಜ ಹಾಕಿ ಹೋದವನು ಮತ್ತೆ ಕೆಲಸಕ್ಕೆ ಬಂದಿರಲೇ ಇಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ, ಕಣ್ಣು ಹೋಯಿತು ಎಂದು ಮನೆಯವರಿಗೆ ಗೊತ್ತಾದರೆ ತಾವು ಯಾರಾಗುತ್ತೇವೆ ಎನ್ನುವುದು. ಕಾಣದ ಕಣ್ಣಿಗೆ ಕೊಂಬು ಮೇಷ್ಟ್ರು ಅಂತ ಹೆಸರು ಬೇರೆ ಕೇಡು!

ಇಂಥ ಹೊತ್ತಿನಲ್ಲಿ ಅವರಿಗೆ ದಕ್ಕಿದ್ದು ಚೂಟಿಯ ಆಟ.

ಹುಳವಾಗಿ ಬದುಕುವ ಆಟ ಅದು. ಗೊಬ್ಬರದ ಗುಂಡಿಯಲ್ಲಿ ಮೊಟ್ಟೆಯೊಡೆದು ಹೊರಗೆ ಬರಬೇಕು. ಬಿಳಿ ಹುಳವಾಗಿ ತಿಂದು ತಿಂದು ದಪ್ಪಗಾಗಬೇಕು, ಪೊರೆ ಕಳಚಬೇಕು. ರೆಕ್ಕೆ ಬಂದ ಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು. ಹಿತ್ತಲಿದೆ, ಬೇಲಿಯಿದೆ, ರಸ್ತೆಯಿದೆ, ಅದರಾಚೆ ಹಳ್ಳ, ಹಳ್ಳದಾಚೆ ಇನ್ನೊಂದು ಹಿತ್ತಲು. ಗೆಲ್ಲಬೇಕು ಅಂತಿಲ್ಲ, ಯಾರನ್ನೂ ಹೊಡೆಯಬೇಕು ಅಂತಿಲ್ಲ. ಹಕ್ಕಿಯ ಬಾಯಿಗೆ ಬೀಳದೆ ಬದುಕಿದ್ದರೆ ಸಾಕು. ಮೇಷ್ಟ್ರಿಗೆ ಹಿಡಿಸಿದ್ದು ಇದ್ಯಾವುದೂ ಅಲ್ಲ. ಆ ಟೀವಿಯಲ್ಲಿ ಹುಲ್ಲಿನ ಗರಿಯೊಂದು ಕಂಬದಷ್ಟು ದಪ್ಪಗಿತ್ತು. ಜೀರುಂಡೆ ಬೆಕ್ಕಿನಷ್ಟಿತ್ತು. ಎಷ್ಟೋ ದಿನಗಳ ಮೇಲೆ ಅವರಿಗೆ ಒಂದು ವಸ್ತು ಪೂರ್ತಿಯಾಗಿ ಕಂಡಿತ್ತು. ಸಂತೋಷಕ್ಕೆ ಕುರ್ಚಿಯನ್ನು ಎಳೆದುಕೊಂಡು ಎಳೆದುಕೊಂಡು ಟೀವಿಯ ಹತ್ತಿರಕ್ಕೇ ಬಂದುಬಿಟ್ಟರು.

"ಮೇಲೆ ನೋಡೇ, ಮೇಲೆ! ಹಕ್ಕಿ ನೆರಳು!" ಎಂದು ಅವರು ಕೂಗುವುದು, ಚೂಟಿ ಜೀರುಂಡೆಯನ್ನು ಎಲೆಯಡಿಗೆ ನುಗ್ಗಿಸುವುದು.

"ತಾತ, ಇಲ್ಲೇನೋ ಬರೆದಿದೆ, ಓದು."

"ನೀನೇ ಓದು. ನಾನು ಓದಿದ್ರೆ ನೀನು ಕಲಿಯೋದು ಯಾವಾಗ?"

ಆಟದ ಬರಹವೆಲ್ಲ ನಮ್ಮ ಭಾಷೆಗೆ ಬದಲಾದದ್ದೂ ಅವರ ಹಠದಿಂದಲೇ. "ಹುಳ ಆದ್ರೂ ನಮ್ಮ ಭಾಷೇಲಿ ಆಗು" ಅಂದಿದ್ದರು. ಕೊನೆಯ ಪೊರೆ ಕಳಚಿ ಜೀರುಂಡೆಯ ನೆತ್ತಿಯ ಮೇಲೆ ಕೊಂಬು ಮೂಡಿದ ದಿನ ಚೂಟಿ ಅದಕ್ಕೆ ಕೊಂಬಣ್ಣ ಅಂತ ಹೆಸರಿಟ್ಟಳು. ಮೇಷ್ಟ್ರು ಅಂದು ಎರಡು ಸಲ ಚಹಾ ಕೇಳಿ ಕುಡಿದರು.

ಸೊಸೆಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

"ನಿಜವಾದ ಜಿರಲೆ ಕಂಡ್ರೆ ಕಿರುಚಿ ಮಂಚ ಹತ್ತೋಳು, ಇಲ್ಲಿ ಕೂತು ಗೊಬ್ಬರ ಉರುಳಿಸ್ತಾ ಇದ್ದಾಳೆ. ಏಳೇ ಸಾಕು, ನಂಗೆ ಪ್ಲಗ್ಗು ಬೇಕು."

"ಐದು ನಿಮಿಷ ಅಮ್ಮ. ಗೂಡಿಗೆ ಸೇರಿಸಿ ಉಳಿಸ್ಬೇಕು. ಹಾಗೇ ಕಿತ್ತರೆ ಎಲ್ಲಾ ಹೋಗುತ್ತೆ."

"ನಿನ್ನ ಹುಳಕ್ಕೆ ಗೂಡು ಸಿಗೋ ಹೊತ್ತಿಗೆ ನಂಗೆ ಅಂಗಡಿಯವನು ಗೇಟ್‌ಪಾಸ್ ಕೊಟ್ಟಿರ್ತಾನೆ! ಮಾವ, ನೀವಾದ್ರೂ ಹೇಳಬಾರದಾ? ನೀವು ತಲೆ ಮೇಲೆ ಕೂರಿಸಿಕೊಂಡಿದ್ದಕ್ಕೇ ಇವಳಿಗೆ ಕೊಂಬು ಬಂದಿರೋದು."

"ಕೊಂಬು ಬಂದಿರೋದು ನಂಗಲ್ಲ, ಕೊಂಬಣ್ಣಂಗೆ" ಅನ್ನುವಳು ಚೂಟಿ. ಮೇಷ್ಟ್ರು ಪೇಪರಿನ ಹಿಂದೆ ನಗುವರು. ಸೊಸೆ ಪ್ಲಗ್ಗು ಕಿತ್ತು ಮಿಷನ್ನಿನ ವೈರು ಚುಚ್ಚುವಳು. ದಿನವೂ ಇದೇ ಪಾಡು, ಊಟದ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು.

ಸರಿಹೋಗದ ದಿನ ಬಂದದ್ದು ಒಂದು ಶನಿವಾರ. ಸೊಸೆ ಅಂಗಡಿಗೆ ಹೋಗಿದ್ದಳು. ಚೂಟಿ ಆಡುತ್ತಿದ್ದಾಗ ಕೆಳಗೆ ಬೀದಿಯಿಂದ ಗೆಳತಿ ಕೂಗಿದಳು. ಡ್ರಾಯಿಂಗ್ ಕ್ಲಾಸಿಗೆ ಹೊತ್ತಾಗಿತ್ತು.

"ತಾತ, ಕೊಂಬಣ್ಣ ಗೂಡಲ್ಲಿದ್ದಾನೆ. ಉಳಿಸು ಅಂತ ಬರುತ್ತೆ, ಅದನ್ನ ಒತ್ತಿ ಆಫ್ ಮಾಡಿಬಿಡು" ಎಂದು ರಿಮೋಟನ್ನು ಅವರ ಮಡಿಲಿಗೆ ಹಾಕಿ ಓಡಿದಳು.

ಅಷ್ಟು ದೊಡ್ಡ ಜವಾಬ್ದಾರಿ ಅವರಿಗೆ ಸಿಕ್ಕಿ ಬಹಳ ದಿನವಾಗಿತ್ತು. ಮೂಗು ಟೀವಿಗೆ ತಗಲುವಷ್ಟು ಬಗ್ಗಿದರು. ಒಂದರ ಕೆಳಗೊಂದು ಎರಡು ಪದ. ಎರಡರಲ್ಲೂ "ಳಿಸು" ಇದ್ದ ಹಾಗಿತ್ತು. ಮೊದಲಿನ ಅಕ್ಷರ ಮಾತ್ರ ಎರಡು ಕಡೆಯೂ ಒಂದೇ ದುಂಡು ಮಸಿ. ಕೆಳಗಿನದು ಸ್ವಲ್ಪ ಹೆಚ್ಚು ಬೆಳಗುತ್ತಿತ್ತು. ಒತ್ತಿದರು. ಮತ್ತೇನೋ ಕೇಳಿತು. ಕೇಳಿದ್ದಕ್ಕೆಲ್ಲ ಹೌದು ಅನ್ನುವುದು ಒಳ್ಳೆಯದು ಎಂದುಕೊಂಡು ಮೊದಲನೆಯದನ್ನೇ ಒತ್ತಿದರು. ಟೀವಿ ಕಪ್ಪಾಯಿತು. ಕೆಲಸ ಮುಗಿಯಿತು ಎಂದು ಸ್ವಿಚ್ಚು ಆರಿಸಿ, ತೃಪ್ತಿಯಿಂದ ಒಂದು ನಿದ್ದೆಯನ್ನೂ ಮಾಡಿದರು.

ಅವರು ಮಲಗಿದ್ದಾಗ ಸೊಸೆ ಬಂದು ಎಂದಿನಂತೆ ಪ್ಲಗ್ಗು ಕಿತ್ತು ಹೊಲಿಯಲು ಕೂತಿದ್ದಳು.

ಸಂಜೆ ಚೂಟಿಯ ಕಿರುಚಾಟಕ್ಕೆ ಅವರು ತಟ್ಟನೆ ಟೀವಿಯ ಕಡೆ ತಿರುಗಿದರು. ಟೀವಿಯ ತುಂಬ ಗೊಬ್ಬರದ ಗುಂಡಿ. ಅದರ ನಡುವೆ ಒಂದು ಬಿಳಿ ಮೊಟ್ಟೆ.

"ಕೊಂಬಣ್ಣ ಇಲ್ಲ! ಯಾವ್ದೂ ಇಲ್ಲ! ತಾತ, ನೀನು ಉಳಿಸು ಒತ್ತಿದ್ಯಾ ಇಲ್ವಾ?"

ಉಳಿಸು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅದರ ಜೊತೆಗಿದ್ದ ಇನ್ನೊಂದು ಪದ ಯಾವುದು ಅಂತ ಮೇಷ್ಟ್ರಿಗೆ ಹೊಳೆಯಿತು. ಅಳಿಸು. ಪ್ರೆಸ್ಸಿನಲ್ಲಿ ಯಾವನಾದರೂ ಅ ಇರುವಲ್ಲಿ ಉ ಬಿಟ್ಟಿದ್ದರೆ ಅವನ ಜನ್ಮ ಜಾಲಾಡಿಬಿಡುತ್ತಿದ್ದರು. ಮಕ್ಕಳು ಕಲಿಯುವ ಮೊಟ್ಟಮೊದಲ ಅಕ್ಷರವನ್ನು ತಾವು ಗುರುತು ಹಿಡಿದಿರಲಿಲ್ಲ.

"ಒತ್ತಿದೆನಲ್ಲಮ್ಮ" ಅಂದರು.

"ಹಾಗಾದ್ರೆ ಅದು ಉಳಿಸ್ತಾ ಇರುವಾಗ್ಲೇ ಅಮ್ಮ ಪ್ಲಗ್ಗು ಕಿತ್ತಿದ್ದಾಳೆ. ಅಲ್ವಾ ತಾತ? ಅಮ್ಮ ತಾನೇ?"

ಮೇಷ್ಟ್ರು "ಹೂಂ" ಅಂದರು.

ಅಷ್ಟೇ, ಒಂದು ಹೂಂ.

"ನಾನು ಬಂದಾಗ ಟೀವಿ ಆಫ್ ಆಗಿತ್ತು ಕಣೇ!" ಎಂದಳು ಸೊಸೆ. "ಪ್ಲಗ್ಗು ಕಿತ್ತೆ, ದಿನಾ ಕೀಳ್ತೀನಿ. ಹೊಲಿಯೋದು ಬೇಡ್ವಾ?"

"ನೋಡು, ಕಿತ್ತೆ ಅಂತ ನೀನೇ ಒಪ್ಕೊಂಡೆ! ನಿಂಗೆ ಮೊದ್ಲಿಂದ್ಲೂ ಕೊಂಬಣ್ಣನ್ನ ಕಂಡ್ರೆ ಆಗ್ತಿರ್ಲಿಲ್ಲ!"

ಆಮೇಲೆ ಆ ಮನೆಯಲ್ಲಿ ಮಾತು ನಿಂತಿತು. ಚೂಟಿ, ಅಮ್ಮ ಬಡಿಸಿದ್ದನ್ನು ಮುಖ ಊದಿಸಿಕೊಂಡು ತಿನ್ನುವಳು, ಮೊಟ್ಟೆ ಇಟ್ಟರೆ ಪಕ್ಕಕ್ಕೆ ಸರಿಸುವಳು. "ಉಪ್ಪು ಕೊಡು" ಅನ್ನಬೇಕಾದರೂ "ಅಪ್ಪಾ, ಉಪ್ಪು ಬೇಕಂತ ಹೇಳು" ಅನ್ನುವಳು.

"ಒಂದು ಹುಳ ಹೋಗಿದ್ದಕ್ಕೆ ಎಲ್ಲಾರೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಾ?" ಎಂದು ಅಪ್ಪ ನಗಿಸಲು ನೋಡಿದ. ಯಾರೂ ನಗಲಿಲ್ಲ. ತಟ್ಟೆ ಎತ್ತಿಕೊಂಡು ತಾನೇ ತೊಳೆಯಲು ಹೋದ.

"ಅಪ್ಪ, ನೀವಾದ್ರೂ ಚೂಟಿಗೆ ಬುದ್ಧಿ ಹೇಳಿ. ನಿಮ್ಮ ಮಾತು ಕೇಳ್ತಾಳೆ" ಎಂದು ಹೋಗುತ್ತಾ ಮೇಷ್ಟ್ರಿಗೆ ಅಂದ. ಅವರು ನೀರಿನ ಲೋಟಕ್ಕೆ ತಡಕಾಡಿದರು.

ವಾರ ಕಳೆದರೂ ಚೂಟಿಯ ಕೋಪ ಇಳಿಯದಿದ್ದಾಗ, ಸೊಸೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಮಿಷನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಮಿಕ್ಸಿಯ ಪ್ಲಗ್ಗಿಗೆ ವೈರು ಸಿಕ್ಕಿಸಿದಳು.

"ಅಲ್ಲಿ ಬೆಳಕೆಲ್ಲಿದೆ?" ಎಂದ ಗಂಡ.

"ಹಾಲು ಹುಳಕ್ಕೆ ಬಿಟ್ಟುಕೊಟ್ಟಿದ್ದೀನಿ. ಇನ್ನು ನನ್ನಿಂದ ಯಾರಿಗೂ ತೊಂದ್ರೆ ಆಗಲ್ಲ."

ಅಡುಗೆಮನೆಯಲ್ಲಿ ಒಂದು ಕಡೆ ಒಲೆ, ಒಂದು ಕಡೆ ಪಾತ್ರೆ ರಾಶಿ, ನಡುವೆ ಮೊಣಕೈ ಆಡಿಸಲೂ ಜಾಗವಿಲ್ಲ. ಮಿಷನ್ನು ಒಂದಷ್ಟು ಹೊತ್ತು ಓಡುವುದು, ನಿಲ್ಲುವುದು, ಬಿಚ್ಚುವ ಸದ್ದು, ಮತ್ತೆ ಓಡುವುದು. ಕುರ್ಚಿಯಲ್ಲಿ ಕೂತ ಮೇಷ್ಟ್ರಿಗೆ ಎಲ್ಲವೂ ಕೇಳುತ್ತಿತ್ತು. ಕಣ್ಣು ಮಂದವಾದಷ್ಟೂ ಕಿವಿ ಚುರುಕಾಗಿತ್ತು, ಅದೂ ಒಂದು ಶಿಕ್ಷೆಯೇ. ಅಂಗಡಿಯವನು ಪ್ಯಾಂಟಿನ ಗಂಟೊಂದನ್ನು ಹೊಲಿಗೆ ಸೊಟ್ಟಗಿದೆ ಎಂದು ವಾಪಸು ಕಳಿಸಿದ. ಸೊಸೆ ಎಲ್ಲ ಬಿಚ್ಚಿ ಮತ್ತೆ ಹೊಲಿದಳು. ಹೇಳಿಬಿಡಬೇಕು ಎಂದು ಮೇಷ್ಟ್ರು ಎದ್ದು ಅಡುಗೆಮನೆ ಬಾಗಿಲವರೆಗೆ ಹೋಗುವರು. "ಏನ್ ಬೇಕಿತ್ತು ಮಾವ?" ಅಂದರೆ "ನೀರು" ಅಂದುಬಿಡುವರು. ಆ ವಾರ ಅವರು ಕುಡಿದಷ್ಟು ನೀರನ್ನು ಯಾರೂ ಕುಡಿದಿರಲಿಕ್ಕಿಲ್ಲ.

ಹಾಗೇ ನೀರಿಗೆ ಹೋದ ಒಂದು ಮಧ್ಯಾಹ್ನ ಸೊಸೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಲಂಗದ ಅಂಚು ಮಡಚುತ್ತಿದ್ದಳು. ಎರಡು ಕೈಯೂ ಬಿಡುವಿರಲಿಲ್ಲ. ಗುಂಡುಸೂಜಿಗಳ ಸಂದಿಯಿಂದಲೇ ಮಾತಾಡಿದಳು.

"ಮಾವ, ಆ ಸೂಜಿಗೆ ಸ್ವಲ್ಪ ದಾರ ಪೋಣಿಸಿಕೊಡ್ತೀರಾ? ಇಲ್ಲಿ ಬೆಳಕಿಲ್ಲ, ನಂಗೆ ಕಾಣಿಸ್ತಾ ಇಲ್ಲ."

ಮೇಷ್ಟ್ರು ಸೂಜಿ ತೆಗೆದುಕೊಂಡರು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿದರು. ಸೂಜಿಯನ್ನು ಬಾಗಿಲ ಬೆಳಕಿನ ಕಡೆ ಎತ್ತಿ ಹಿಡಿದರು. ದಾರ ಸೂಜಿಯ ಎಡಕ್ಕೆ ಹೋಯಿತು. ಬಲಕ್ಕೆ ಹೋಯಿತು. ಮತ್ತೆ ನಾಲಿಗೆಗೆ ತಾಗಿಸಿದರು. ಸೊಸೆ ಅಂಚು ಮಡಚಿ ಮುಗಿಸಿ ತಲೆಯೆತ್ತಿದಳು.

"ಹಾಲಿಗೆ ಹೋಗಿ ಮಾವ, ಅಲ್ಲಿ ಬೆಳಕಿದೆ."

"ಹಾಲಲ್ಲೂ ಆಗಲ್ಲಮ್ಮ" ಅಂದರು ಮೇಷ್ಟ್ರು. "ಬಿಸಿಲಲ್ಲಿ ನಿಂತ್ರೂ ಆಗಲ್ಲ. ನಂಗೆ ಸೂಜೀನೇ ಕಾಣಿಸ್ತಾ ಇಲ್ಲ."

ಸೊಸೆ ಲಂಗವನ್ನು ಪಕ್ಕಕ್ಕೆ ಇಟ್ಟಳು.

"ಅವತ್ತು ಪ್ಲಗ್ಗಿಂದ ಏನೂ ಆಗ್ಲಿಲ್ಲ. ಉಳಿಸು ಅಂತ ತಿಳ್ಕೊಂಡು ನಾನೇ ಅಳಿಸು ಒತ್ತಿಬಿಟ್ಟೆ. ಅ ಯಾವ್ದು, ಉ ಯಾವ್ದು ಅಂತ ಗೊತ್ತಾಗ್ಲಿಲ್ಲ. ಮಗು ನಿನ್ನ ಮೇಲೆ ಹೇಳಿದಾಗ ಹೂಂ ಅಂದೆ. ನಾಚಿಕೆ ಆಯ್ತಮ್ಮ."

ಸೊಸೆ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿನ ಬಟ್ಟೆಗೆ ಚುಚ್ಚಿದಳು. ಬೈದರೆ ಸಾಕಪ್ಪಾ ಎನ್ನಿಸಿತು ಮೇಷ್ಟ್ರಿಗೆ.

"ಯಾವಾಗಿಂದ ಕಾಣಿಸ್ತಾ ಇಲ್ಲ?"

"ಬಹಳ ದಿನ ಆಯ್ತು."

"ಬಹಳ ದಿನ! ಹಾಗಿದ್ರೂ ಒಬ್ಬರೇ ರಸ್ತೆ ದಾಟಿ ಬ್ರೆಡ್ಡು ತರ್ತಿದ್ರಾ? ಬಸ್ಸು ಬರೋದು ಕಾಣಿಸ್ತಿತ್ತಾ?"

"ಸದ್ದು ಕೇಳಿಸ್ತಿತ್ತು."

"ಸದ್ದಂತೆ!" ಸೊಸೆಯ ದನಿ ಏರಿತು. "ಏನಾದ್ರೂ ಆಗಿದ್ರೆ? ಆಗ್ಲೂ ಹೂಂ ಅಂತಿದ್ರಾ? ನನ್ನ ಮಗಳು ನಂಗೆ ಉಪ್ಪು ಕೊಡು ಅಂತ್ಲೂ ಕೇಳ್ತಿಲ್ಲ ಮಾವ. ನಾನೇ ಎಲ್ಲೋ ಎಡವಟ್ಟು ಮಾಡಿದ್ನೇನೋ, ಟೀವಿ ಆನ್ ಇತ್ತೇನೋ ಅಂತ ನನಗೇ ಅನುಮಾನ ಬಂದಿತ್ತು. ಅಡುಗೆಮನೇಲಿ ಕೂತು ದಿನಾ ಅದನ್ನೇ ಯೋಚಿಸ್ತಿದ್ದೆ. ನೀವು ಬಾಗಿಲಲ್ಲಿ ಬಂದು ನಿಂತು ನೀರು ಕುಡಿದು ಹೋಗ್ತಿದ್ರಿ!"

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. "ತಪ್ಪಾಯ್ತು" ಅಂದರು.

"ಅವಳಿಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು" ಎಂದು ಸೊಸೆ ಸೂಜಿಯನ್ನು ಅವರ ಕೈಯಿಂದ ತೆಗೆದುಕೊಂಡಳು. ಒಲೆಯ ಉರಿ ದೊಡ್ಡದು ಮಾಡಿ, ಆ ಬೆಳಕಿಗೆ ಹಿಡಿದು ಹೇಗೋ ದಾರ ಪೋಣಿಸಿದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಕುರ್ಚೀಲಿ ಕೂತಿರಿ. ಚಹಾ ತರ್ತೀನಿ, ನೀವಾಗಿ ಎದ್ದು ಬಂದು ಚೆಲ್ಲಬೇಡಿ" ಅಂದಳು.

ರಾತ್ರಿ ಊಟಕ್ಕೆ ಕೂತಾಗ ಮೇಷ್ಟ್ರು ಪೀಠಿಕೆ ಹಾಕಲು ನೋಡಿದರು. ಕೊನೆಗೆ ಒಂದೇ ಉಸಿರಿಗೆ ಹೇಳಿಬಿಟ್ಟರು.

ಚೂಟಿಯ ಕೈ ತಟ್ಟೆಯಲ್ಲೇ ನಿಂತಿತು. "ನೀನಾ? ತಾತ, ನೀನು ಪ್ರೂಫ್ ನೋಡ್ತಿದ್ದೋನು!"

"ಅದಕ್ಕೇ ಹೇಳೋಕೆ ನಾಚಿಕೆ ಆಯ್ತು."

"ಮತ್ತೆ ಪೇಪರ್ ಓದ್ಸೋದು ನನ್ನ ಉಚ್ಚಾರಣೆಗಲ್ವಾ?"

"ನಿನ್ನ ಉಚ್ಚಾರಣೆಗೇನಾಗಿದೆ? ಚೆನ್ನಾಗೇ ಇದೆ."

ಅಪ್ಪ ನಗು ತಡೆಯಲಾಗದೆ ಕೆಮ್ಮಿದ. ಚೂಟಿ ನಗಲಿಲ್ಲ. ಅಮ್ಮನ ಕಡೆ ತಿರುಗಿದಳು. ಇಷ್ಟು ದಿನಗಳಲ್ಲಿ ಮೊದಲ ಸಲ ನೇರವಾಗಿ ಕೇಳಿದಳು.

"ನೀನ್ಯಾಕೆ ಸರಿಯಾಗಿ ಹೇಳ್ಲಿಲ್ಲ, ನಾನಲ್ಲ ಅಂತ?"

"ಹೇಳ್ದೆ. ಟೀವಿ ಆಫ್ ಆಗಿತ್ತು ಅಂದೆ. ನೀನು ಕೇಳಿಸ್ಕೊಂಡ್ಯಾ?"

ಚೂಟಿ ತಲೆ ತಗ್ಗಿಸಿದಳು. ತಟ್ಟೆ ಮುಂದೆ ಚಾಚಿ, "ಅಮ್ಮಾ, ಇನ್ನೊಂದು ಮೊಟ್ಟೆ ಇದ್ಯಾ?" ಅಂದಳು. ಸೊಸೆ ತನ್ನ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಎತ್ತಿ ಅವಳ ತಟ್ಟೆಗೆ ಹಾಕಿದಳು.

ಡಾಕ್ಟರು ನೋಡಿ ಎರಡು ಕಣ್ಣಿಗೂ ಪೊರೆ ಬಂದಿದೆ, ಇಷ್ಟು ದಿನ ಹೇಗೆ ತಡೆದಿರಿ ಅಂದರು. ಒಂದಾದ ಮೇಲೆ ಒಂದು ತೆಗೆಯಬೇಕಿತ್ತು. ಆಪರೇಷನ್ನಿನ ಹಿಂದಿನ ದಿನ ಮೇಷ್ಟ್ರು ಊಟ ಬೇಡ ಎಂದು ಕುರ್ಚಿಯಲ್ಲೇ ಕೂತರು.

ಚೂಟಿ ಪಕ್ಕದಲ್ಲಿ ಬಂದು ಕೂತಳು. "ತಾತ, ಕೊಂಬಣ್ಣ ಎಷ್ಟು ಸಲ ಪೊರೆ ಕಳಚಿದ್ದ ಜ್ಞಾಪಕ ಇದ್ಯಾ? ಪ್ರತಿ ಸಲಾನೂ ಹೆದರ್ತಿದ್ದೋನು ನೀನು. ಅವನಿಗೇನಾಯ್ತು? ಕಳಚಿದ ಮೇಲೆ ಸ್ವಲ್ಪ ಹೊತ್ತು ಗೂಡಲ್ಲೇ ಇರ್ಬೇಕು, ಬೆಳಕಿಗೆ ಬರಬಾರ್ದು, ಮೈ ಗಟ್ಟಿ ಆಗೋವರೆಗೆ ಅಲ್ಲಾಡಬಾರ್ದು. ಅಷ್ಟೇ."

"ಅವನಿಗೆ ಕೊಂಬು ಬಂತು. ನಂಗೇನು ಬರುತ್ತೆ?"

"ನಿಂಗೆ ಆಗ್ಲೇ ಇದ್ಯಲ್ಲ" ಎಂದು ಅಡುಗೆಮನೆಯಿಂದ ಸೊಸೆಯ ದನಿ ಬಂತು. "ಬಂದು ಊಟ ಮಾಡಿ ಮಾವ, ತಣ್ಣಗಾಗ್ತಾ ಇದೆ" ಎಂದು ಕೂಡಲೇ ಬಹುವಚನಕ್ಕೆ ಬಂದಳು. ಮೇಷ್ಟ್ರು ನಕ್ಕು ಎದ್ದರು.

ಆಪರೇಷನ್ನು ಮುಗಿದು ಗೂಡಿನ ವಾಸ ಶುರುವಾಯಿತು. ಪರದೆ ಎಳೆದ ಕೋಣೆ, ಕಪ್ಪು ಕನ್ನಡಕ, ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ. ಹನಿ ಹಾಕುವವಳು ಚೂಟಿ. ತಾತ ಅಲ್ಲಾಡಿದರೆ "ಹಕ್ಕಿ ಬರುತ್ತೆ ನೋಡು!" ಎಂದು ಹೆದರಿಸುವಳು. ಆ ದಿನಗಳಲ್ಲೇ ಒಂದು ಭಾನುವಾರ ಮಗ ಹಾಲಿನ ಇನ್ನೊಂದು ಪ್ಲಗ್ಗನ್ನು ಸರಿಮಾಡಿದ. ಅರ್ಧ ಗಂಟೆಯೂ ಹಿಡಿಯಲಿಲ್ಲ. "ಇಷ್ಟಕ್ಕೆ ಇಷ್ಟು ವರ್ಷನಾ?" ಎಂದು ಸೊಸೆ ಬೈದುಕೊಂಡೇ ಮಿಷನ್ನನ್ನು ಕಿಟಕಿಯ ಬೆಳಕಿಗೆ ತಂದು ಹಾಕಿದಳು.

ಎರಡನೇ ಕಣ್ಣೂ ವಾಸಿಯಾಗಿ, ಹತ್ತಿರದ್ದು ನೋಡಲು ಹೊಸ ಕನ್ನಡಕ ಬಂದ ದಿನ ಮಧ್ಯಾಹ್ನ ಎಲ್ಲರೂ ಹಾಲಿನಲ್ಲೇ ಇದ್ದರು. ಗುಂಡಿಯ ಮೊಟ್ಟೆ ಒಡೆದು, ಹೊಸ ಹುಳ ಎರಡು ಪೊರೆ ಕಳಚಿ ಬೆಳೆದಿತ್ತು. ಕೊಂಬು ಇನ್ನೂ ಮೂಡಿರಲಿಲ್ಲ. ಚೂಟಿ ಅದನ್ನು ಗೂಡಿಗೆ ಸೇರಿಸಿ, ರಿಮೋಟನ್ನು ತಾತನ ಕೈಗೆ ಕೊಟ್ಟಳು.

"ನೀನೇ ಉಳಿಸು. ಆದ್ರೆ ಮೊದ್ಲು ಓದು, ಜೋರಾಗಿ."

ಹೊಲಿಗೆ ಮಿಷನ್ನು ನಿಂತಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ಮೇಲಿಂದು ಉಳಿಸು. ಕೆಳಗಿಂದು ಅಳಿಸು. ಅದರ ಕೆಳಗೆ... ಏನೇ ಇದು? 'ಹಿಂದಕ್ಕೆ ಹೋಗ' ಅಂತಿದೆ. ಇದರ ಕೊಂಬೆಲ್ಲಿ? ಯಾರಪ್ಪಾ ತಿಂದದ್ದು?"

"ಸರಿಹೋಯ್ತು ಬಿಡಿ" ಎಂದಳು ಸೊಸೆ.

ಮೇಷ್ಟ್ರು ಉಳಿಸು ಒತ್ತಿ, ನಗುತ್ತಾ ಅವಳ ಕಡೆ ತಿರುಗಿದರು. ತಿರುಗಿದವರು ಹಾಗೇ ನೋಡುತ್ತಾ ಉಳಿದರು. ಕಿಟಕಿಯ ಬೆಳಕು ಅವಳ ತಲೆಯ ಮೇಲೆ ಬಿದ್ದಿತ್ತು. ಕಿವಿಯ ಹತ್ತಿರದಿಂದ ಬೈತಲೆಯವರೆಗೆ ಕೂದಲೆಲ್ಲ ನೆರೆತಿತ್ತು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವರ ಮನಸ್ಸಿನಲ್ಲಿದ್ದ ಸೊಸೆಗೆ ಕಪ್ಪು ಜಡೆಯಿತ್ತು. ಅವಳನ್ನು ಅವರು ಕೊನೆಯ ಸಲ ಕಂಡದ್ದು ಯಾವಾಗಲೋ.

"ಏನಮ್ಮಾ ಇದು? ನಿನ್ನ ಕೂದಲು... ಯಾವಾಗ ಆಯ್ತು ಇದೆಲ್ಲಾ?"

ಸೊಸೆ ಕೈಯೆತ್ತಿ ಕೂದಲು ಮುಟ್ಟಿಕೊಂಡಳು. "ಆಗ್ಲೇ ಎರಡು ಮೂರು ವರ್ಷ ಆಯ್ತಲ್ಲ ಮಾವ."

"ನಾನು ನೋಡ್ಲೇ ಇಲ್ಲ."

"ಈಗ ನೋಡಿದ್ರಲ್ಲ. ಅದನ್ನೂ ತಿದ್ದೋಕೆ ಬರಬೇಡಿ." ಮೊಣಕೈ ಹತ್ತಿರ ತೋಳಿನ ಬಟ್ಟೆಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ಕಿತ್ತು, ದಾರದ ಜೊತೆ ಅವರ ಕಡೆ ಚಾಚಿದಳು. "ಸುಮ್ನೆ ಕೂತಿದ್ದೀರಲ್ಲ, ಇದನ್ನ ಪೋಣಿಸಿಕೊಡಿ."

ಮೇಷ್ಟ್ರು ದಾರದ ತುದಿಯನ್ನು ನಾಲಿಗೆಗೆ ತಾಗಿಸಿದರು. ಮೊದಲನೇ ಸಲ ತಪ್ಪಿತು. ಎರಡನೇ ಸಲ ದಾರ ಹೋಯಿತು.